ಇಟಲಿಯಲ್ಲಿ ಮಳೆ ಬರುತ್ತದೆಯೇ

ದಾವಣಗೆರೆಯ ದೊಡ್ಡಪೇಟೆಯಲ್ಲಿ, ಒಂದು ಹತ್ತಿ ಮಂಡಿಯ ಮಾಳಿಗೆಯ ಮೇಲೆ ಏಕಾಂತಪ್ಪ ಎಂಬಾತ ವಾಚನಾಲಯ ನಡೆಸುತ್ತಿದ್ದ. ಸಾವಿರದ ಒಂಬೈನೂರ ಐವತ್ತೆಂಟರ ಮಾತು ಇದು. ಮೂರು ಬೀರು, ಎರಡು ಬೆಂಚು, ಕೆಳಗಿನಿಂದ ಹಾರಿ ಬಂದ ಹತ್ತಿಯ ಎಳೆ ಮೆತ್ತಿಕೊಂಡ ಪುಸ್ತಕಗಳು, ಅಷ್ಟೇ ಆಸ್ತಿ. ಆದರೆ ಏಕಾಂತಪ್ಪನಿಗೆ ಒಂದು ಹುಚ್ಚಿತ್ತು. ಪ್ರತಿ ಪುಸ್ತಕದ ಕೊನೆಗೆ ನಾಲ್ಕು ಖಾಲಿ ಹಾಳೆ ಸೇರಿಸಿ ಹೊಲಿಸುತ್ತಿದ್ದ. ಓದಿದವರು ಅಲ್ಲಿ ತಮ್ಮ ಅಭಿಪ್ರಾಯ ಬರೆದೇ ವಾಪಸು ಕೊಡಬೇಕು. ಬರೆಯದೆ ಕೊಟ್ಟವರಿಗೆ ಮುಂದಿನ ಪುಸ್ತಕ ಕೊಡುವಾಗ ಅವನ ಮುಖ ಗಂಟಾಗುತ್ತಿತ್ತು.

ನಮ್ಮ ಜನಕ್ಕೆ ಅಭಿಪ್ರಾಯ ಕೊಡಿ ಎಂದು ಕೇಳಿದರೆ ಕೇಳಬೇಕೇ? ಮನೆಯಲ್ಲಿ ಹೆಂಡತಿಯ ಮುಂದೆ ಬಾಯಿ ಬಿಡದವರೆಲ್ಲ ಆ ಹಾಳೆಗಳಲ್ಲಿ ಹುಲಿಗಳಾದರು. ಇಟಲಿ ದೇಶದಲ್ಲಿ ನಡೆಯುವ ಕಥೆಗಳು ಅಲ್ಲಿ ಮೂರಿದ್ದವು. ವೆನಿಸ್ ಪಟ್ಟಣದ ದೋಣಿಯವನೊಬ್ಬನ ಪ್ರೇಮದ ಕಥೆ ಒಂದು. ರೋಮಿನಲ್ಲಿ ಕೊಲೆ ಪತ್ತೆ ಮಾಡುವವನದು ಇನ್ನೊಂದು. ಮೂರನೆಯದು ಬೆಟ್ಟದ ಹಳ್ಳಿಯಲ್ಲಿ ದ್ರಾಕ್ಷಿ ಬೆಳೆಯುವ ಮನೆತನದ್ದು, ನೀಲಿ ರಟ್ಟಿನ ದಪ್ಪ ಪುಸ್ತಕ. ಮೂರನ್ನೂ ಬರೆದವರು ಕನ್ನಡದವರೇ. ಅವರಲ್ಲಿ ಹಡಗು ಹತ್ತಿದವರು ಒಬ್ಬರೂ ಇದ್ದಂತಿರಲಿಲ್ಲ.

ನೀಲಿ ಪುಸ್ತಕದ ಬಗ್ಗೆ ಹೈಸ್ಕೂಲಿನ ಮೇಷ್ಟ್ರೊಬ್ಬರು, ‘ವರ್ಣನೆ ಅಮೋಘ, ಓದುತ್ತಿದ್ದಂತೆ ಇಟಲಿಯಲ್ಲೇ ಇದ್ದೇನೆ ಎನಿಸಿತು’ ಎಂದು ಬರೆದಿದ್ದರು. ಅದರ ಕೆಳಗೆ ವಕೀಲರ ಗುಮಾಸ್ತ ಕೊಟ್ಟೂರಪ್ಪ, ‘ನಲವತ್ತು ಪುಟ ಬರೀ ದ್ರಾಕ್ಷಿ. ಕಥೆ ಎಲ್ಲಿ?’ ಎಂದು ಕೇಳಿದ್ದ. ‘ಲೇಖಕರು ನಮ್ಮ ಹೆಂಗಸರಿಗೇ ಗೌನು ತೊಡಿಸಿ ಇಟಲಿಯವರು ಅನ್ನುತ್ತಾರೆ’ ಎಂದು ಇನ್ನೊಬ್ಬರು. ‘ಊಟದ ವಿಚಾರ ಬಹಳ. ಓದಿ ಮುಗಿಸುವುದರೊಳಗೆ ಹಸಿವಾಯಿತು’ ಎಂದು ಮತ್ತೊಬ್ಬರು. ಮೇಷ್ಟ್ರು ಎರಡನೇ ಸಲ ಪುಸ್ತಕ ಪಡೆದು, ಕೊಟ್ಟೂರಪ್ಪನಿಗೆ ಒಂದು ಪುಟ ಉತ್ತರ ಬರೆದು ಹಿಂದಿರುಗಿಸಿದ್ದರು. ಇವರೆಲ್ಲ ಸಂಜೆ ಒಂದೇ ಅಂಗಡಿಯಲ್ಲಿ ಮಂಡಕ್ಕಿ ತಿನ್ನುವವರು, ಎದುರುಬದುರು ಕೂತಾಗ ಮಾತ್ರ ಈ ಮಾತು ಎತ್ತುತ್ತಿರಲಿಲ್ಲ.

ಈ ಜಗಳಗಳನ್ನೆಲ್ಲ ಒಂದಕ್ಷರ ಬಿಡದೆ ಓದುತ್ತಿದ್ದವಳು ಕಸ್ತೂರಮ್ಮ. ಅವಳು ವಾಚನಾಲಯದ ಮೆಟ್ಟಿಲು ಹತ್ತಿದವಳಲ್ಲ. ಮೈದುನ ನಾಗರಾಜಪ್ಪ ತನ್ನ ಹೆಸರಿನಲ್ಲಿ ಪುಸ್ತಕ ಪಡೆದು, ತರಕಾರಿ ಚೀಲದಲ್ಲಿ ಹಾಕಿಕೊಂಡು ಬಂದು ಅತ್ತಿಗೆಗೆ ಕೊಡುತ್ತಿದ್ದ. ವಾಪಸು ಕೊಡುವಾಗ ಅವನೇ ಹಿಂದಿನ ಹಾಳೆಯಲ್ಲಿ ‘ಚೆನ್ನಾಗಿದೆ’ ಎಂದು ಬರೆದು ಸಹಿ ಹಾಕುತ್ತಿದ್ದ. ಆ ವಾಚನಾಲಯದ ಅರ್ಧ ಪುಸ್ತಕಗಳಲ್ಲಿ ಅವನ ‘ಚೆನ್ನಾಗಿದೆ’ ಇತ್ತು, ಅವನು ಓದಿದ್ದು ಒಂದೂ ಇಲ್ಲ.

ಕಸ್ತೂರಮ್ಮನ ಗಂಡ ಪರಮೇಶ್ವರಪ್ಪ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯೊಂದರಲ್ಲಿ ಲಾರಿ ಓಡಿಸುತ್ತಿದ್ದ. ಮಂಡಿ ವ್ಯಾಪಾರದ ಮನೆಯ ಹಿರಿಮಗ ಲಾರಿ ಓಡಿಸುವುದೇ ಎಂದು ಅಪ್ಪ ಒಂದು ದಿನ ಏನೋ ಅಂದ, ಮಗ ಏನೋ ಅಂದ. ನಲವತ್ತೆರಡರಲ್ಲಿ ಅವನು ದಂಡಿಗೆ ಸೇರಿಬಿಟ್ಟ. ಅಲ್ಲಿಯೂ ಲಾರಿಯನ್ನೇ ಕೊಟ್ಟರು. ನಲವತ್ನಾಲ್ಕರ ನವೆಂಬರಿನಲ್ಲಿ ಟೆಲಿಗ್ರಾಂ ಬಂತು. ಅಕ್ಟೋಬರ್ ಹತ್ತೊಂಬತ್ತಕ್ಕೆ ತೀರಿಕೊಂಡ, ಸ್ಥಳ ಇಟಲಿ. ಆಗ ಕಸ್ತೂರಮ್ಮನಿಗೆ ಇಪ್ಪತ್ತೊಂದು.

ಅವಳು ಅಳಲಿಲ್ಲ. ಅತ್ತೆ ದ್ರಾಕ್ಷಾಯಣಮ್ಮ ಗೋಡೆಗೆ ತಲೆ ಚಚ್ಚಿಕೊಂಡಳು, ಓಣಿಯ ಹೆಂಗಸರು ಬಂದು ಗೋಳಾಡಿದರು, ಕಸ್ತೂರಮ್ಮ ಬಂದವರಿಗೆ ಚಾಪೆ ಹಾಸಿದಳು. ಕಲ್ಲೆದೆಯವಳು ಎಂದು ಓಣಿಯಲ್ಲಿ ಮಾತಾಯಿತು. ಅವಳಿಗೆ ಬೇಜಾರೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಮೈಯೊಳಗೆ ಏನೋ ಜೋಮು ಹಿಡಿದಿತ್ತು, ಅದು ಇಳಿಯಲೇ ಇಲ್ಲ. ಊಟದ ಹೊತ್ತಿಗೆ ಊಟ ಮಾಡುತ್ತಿದ್ದಳು, ಹಸಿವು ಅಂತ ಅಲ್ಲ, ಹೊತ್ತಾಯಿತು ಅಂತ. ಹಾಗೆಯೇ ಹದಿನಾಲ್ಕು ವರ್ಷ ಕಳೆದವು.

ಆ ಮನೆಯಲ್ಲಿ ಒಂದು ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. ಅವರು ಲಿಂಗವಂತರು. ಸತ್ತವರನ್ನು ಸುಡುವವರಲ್ಲ, ಕೈಯಲ್ಲಿ ಲಿಂಗವಿಟ್ಟು, ವಿಭೂತಿ ಹಚ್ಚಿ, ಕೂರಿಸಿ ಮಣ್ಣಿಗೆ ಕೊಡುವವರು. ಟೆಲಿಗ್ರಾಂ ಬಂದ ಮೇಲೆ ಮನೆಗೆ ಬಂದ ಅಯ್ಯನವರು, ‘ಅಲ್ಲಿ ಮಣ್ಣು ಕೊಟ್ಟರೋ, ಸುಟ್ಟರೋ?’ ಎಂದು ಕೇಳಿದರು. ಯಾರಿಗೆ ಗೊತ್ತು? ನಾಗರಾಜಪ್ಪ ಇಂಗ್ಲಿಷಿನಲ್ಲಿ ಎರಡು ಸಲ ಕಾಗದ ಬರೆಸಿದ. ಪಿಂಚಣಿ ಬಂತು, ಉತ್ತರ ಬರಲಿಲ್ಲ.

ಅಂದಿನಿಂದ ದ್ರಾಕ್ಷಾಯಣಮ್ಮ ಒಂದು ಹಟ ಹಿಡಿದಳು. ದೀಪಾವಳಿಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಮಗನ ಹೆಸರಿನಲ್ಲಿ ಎಡೆ ಬೇಡ ಎಂದಳು. ಮಣ್ಣು ಕಂಡವನೋ ಅಲ್ಲವೋ ತಿಳಿಯದೆ ಅವನನ್ನು ಹಿರಿಯರ ಪಂಕ್ತಿಯಲ್ಲಿ ಕೂರಿಸುವುದು ಹೇಗೆ, ಅನ್ನುವುದು ಅವಳ ವಾದ. ಅಯ್ಯನವರೇ ಬಂದು, ‘ಹಂಗೇನೂ ಇಲ್ಲ, ಇಡ್ರಮ್ಮ’ ಎಂದರೂ ಕೇಳಲಿಲ್ಲ. ಮಾವ ತೀರಿಕೊಂಡ ಮೇಲೆ ಅವನಿಗೂ ಎಡೆ ಬಂತು. ಮಗನಿಗೆ ಮಾತ್ರ ಇಲ್ಲ. ಪ್ರತಿ ವರ್ಷ ಎಡೆಗಳನ್ನು ಬಡಿಸುವವಳು ಕಸ್ತೂರಮ್ಮ. ಬಡಿಸುತ್ತ ಬಡಿಸುತ್ತ ಕೊನೆಯ ಎಲೆಯ ಪಕ್ಕದ ಖಾಲಿ ನೆಲಕ್ಕೆ ಬಂದು ಅವಳ ಕೈ ನಿಲ್ಲುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಅಲ್ಲೊಂದು ಎಲೆ.

ಇಟಲಿಯ ಪುಸ್ತಕಗಳನ್ನು ಅವಳು ಓದುತ್ತಿದ್ದದ್ದು ಈ ಕಾರಣಕ್ಕೆ. ಅಲ್ಲಿ ಸತ್ತವರನ್ನು ಏನು ಮಾಡುತ್ತಾರೆ ಎಂದು ಎಲ್ಲಾದರೂ ಬರೆದಿರಬಹುದು ಎಂದುಕೊಂಡಿದ್ದಳು. ದೋಣಿಯವನ ಕಥೆಯಲ್ಲಿ ಯಾರೂ ಸಾಯಲಿಲ್ಲ. ಪತ್ತೇದಾರಿಯಲ್ಲಿ ಐದು ಜನ ಸತ್ತರು, ಹೆಣಗಳು ಏನಾದವು ಎಂದು ಪತ್ತೇದಾರನಿಗೇ ಚಿಂತೆಯಿರಲಿಲ್ಲ. ನೀಲಿ ಪುಸ್ತಕದಲ್ಲಿ ಅಕ್ಟೋಬರ್ ತಿಂಗಳು ಬರುತ್ತಿತ್ತು: ಮೋಡವಿಲ್ಲದ ಆಕಾಶ, ಒಣ ಎಲೆಗಳ ಸದ್ದು, ದ್ರಾಕ್ಷಿ ಕೊಯ್ಯುವವರ ಹಾಡು. ತನ್ನ ಗಂಡ ಸತ್ತ ತಿಂಗಳು ಅಷ್ಟು ಚೆನ್ನಾಗಿತ್ತೇ ಎಂದು ಅವಳು ಆ ಪುಟಗಳನ್ನು ಮತ್ತೆ ಮತ್ತೆ ಓದುತ್ತಿದ್ದಳು. ಓದಿದರೆ ಏನೂ ಆಗುತ್ತಿರಲಿಲ್ಲ.

ಅಷ್ಟು ಕೈ ಬದಲಿಸಿದ ಮೇಲೆ ನೀಲಿ ಪುಸ್ತಕದ ಹೊಲಿಗೆ ಬಿಚ್ಚಿಕೊಂಡಿತು, ಹಿಂದಿನ ಹಾಳೆಗಳೂ ತುಂಬಿದವು. ಏಕಾಂತಪ್ಪ ಅದನ್ನು ಬೈಂಡಿಂಗಿಗೆ ಹರಿಹರಕ್ಕೆ ಕಳಿಸಿದ. ಅವನ ಪುಸ್ತಕಗಳೆಲ್ಲ ಹರಿಹರದ ಜಮಾಲ್ ಸಾಬ್ ಎಂಬವನ ಕೈಯಲ್ಲೇ ಹೊಲಿಗೆ ಕಾಣಬೇಕು. ಸೆಪ್ಟೆಂಬರಿನಲ್ಲಿ ಹೋದದ್ದು ಅಕ್ಟೋಬರ್ ಕೊನೆಗೆ ಬಂತು. ಬಂದ ದಿನವೇ ನಾಗರಾಜಪ್ಪ ಅದನ್ನು ಅತ್ತಿಗೆಗೆ ತಂದುಕೊಟ್ಟ.

ಕಸ್ತೂರಮ್ಮ ಅಭ್ಯಾಸದಂತೆ ಹಿಂದಿನಿಂದ ತೆರೆದಳು. ಹೊಸ ನಾಲ್ಕು ಹಾಳೆ. ಖಾಲಿ ಇರಬೇಕಾಗಿತ್ತು. ಮೊದಲ ಹಾಳೆಯ ತಲೆಯ ಮೇಲೆ ದಪ್ಪ ಪೆನ್ಸಿಲಿನಲ್ಲಿ, ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಬರೆದಿತ್ತು: ‘ಅಕ್ಟೋಬರಿನಲ್ಲಿ ಇಟಲಿಯಲ್ಲಿ ಇಂಥ ಬಿಸಿಲು ಇಲ್ಲ. ಮಳೆ ಹಿಡಿದರೆ ತಿಂಗಳು ಬಿಡುವುದಿಲ್ಲ. ಲಾರಿಯ ಗಾಲಿ ಕಾಣದಷ್ಟು ಕೆಸರು. ಬರೆದವರು ನೋಡಿಲ್ಲ.’ ಸಹಿ ಇರಲಿಲ್ಲ. ಅಂಚಿನಲ್ಲಿ ಒಂದು ಹೆಬ್ಬೆರಳ ಗುರುತು, ಅಂಟು ಒಣಗಿ ನೀಲಿಗಟ್ಟಿತ್ತು.

ಬೈಂಡಿಂಗಿನಿಂದ ಬಂದ ಮೇಲೆ ಈ ಪುಸ್ತಕವನ್ನು ಪಡೆದವಳು ತಾನೇ ಮೊದಲು. ಹಾಗಾದರೆ ಇದನ್ನು ಬರೆದವನು ಹಾಳೆ ಹೊಲಿದವನೇ. ಅವಳು ಪುಸ್ತಕ ಮುಚ್ಚಿ ಎದ್ದಳು. ಆಮೇಲೆ ಮೈದುನನಿಗೆ ಹೇಳಿದಳು, ‘ನಾನು ಹರಿಹರಕ್ಕೆ ಹೋಗಿ ಬರ್ಬೇಕು.’

‘ಒಬ್ಬಾಕಿನಾ?’ ಎಂದು ಒಳಗಿನಿಂದ ಅತ್ತೆ ಕೇಳಿದಳು.

‘ಬೆಳಗಿನ ಗಾಡಿಗೆ ಹೋಗಿ ಮಧ್ಯಾಹ್ನಕ್ಕೆ ಬರ್ತಾಳೆ ಬಿಡವ್ವ,’ ಎಂದ ನಾಗರಾಜಪ್ಪ. ಅತ್ತಿಗೆ ಹದಿನಾಲ್ಕು ವರ್ಷದಲ್ಲಿ ಏನನ್ನೂ ಕೇಳಿದವಳಲ್ಲ, ಅದು ಅವನಿಗೆ ಗೊತ್ತಿತ್ತು.

ಜಮಾಲ್ ಸಾಬನ ಮನೆ ಹರಿಹರದ ದೇವಸ್ಥಾನದಿಂದ ಹೊಳೆಗೆ ಇಳಿಯುವ ಓಣಿಯಲ್ಲಿತ್ತು. ಜಗಲಿಯ ಮೇಲೇ ಕೆಲಸ. ಮೈದಾ ಹಿಟ್ಟಿಗೆ, ಹುಳ ಹಿಡಿಯದಿರಲೆಂದು, ನೀಲಿ ಮೈಲುತುತ್ತ ಹಾಕಿ ಅಂಟು ಕುದಿಸುತ್ತಿದ್ದ. ಐವತ್ತರ ಹತ್ತಿರದ ಮನುಷ್ಯ, ಬೆರಳುಗಳೆಲ್ಲ ನೀಲಿ. ಕಸ್ತೂರಮ್ಮ ಪುಸ್ತಕ ತೆರೆದು ಆ ಸಾಲುಗಳನ್ನು ತೋರಿಸಿದಳು.

‘ಇದು ಬರ್ದಿದ್ದು ನೀವೇ ಏನ್ರಿ?’

ಜಮಾಲ್ ಸಾಬ್ ಒಲೆಯ ಮುಂದಿನಿಂದ ಎದ್ದ. ‘ತಪ್ಪಾತೇನಮ್ಮ? ಏಕಾಂತಪ್ನೋರು ಬೈದ್ರಾ?’

‘ಇಲ್ರಿ. ಅವ್ರು ಇನ್ನೂ ನೋಡಿಲ್ಲ.’

‘ಹೊಲಿಯೋವಾಗ ಒಂದೊಂದು ಪುಟ ಓದ್ತೀನ್ರಿ. ಬರೀ ಬಿಸಿಲು, ಹಾಡು, ದ್ರಾಕ್ಷಿ. ಸಿಟ್ಟು ಬಂತು. ಎಲ್ಲಾರೂ ಬರೀತಾರಲ್ಲ, ನಾನೂ ಬರೆದೆ.’

‘ನೀವು ಹೋಗಿದ್ರಾ ಅಲ್ಲಿಗೆ?’

‘ಎರಡು ವರ್ಷ ಇದ್ದೆ. ಲಾರಿ ಕಂಪನಿ.’

ಕಸ್ತೂರಮ್ಮ ಜಗಲಿಯ ತುದಿಯಲ್ಲಿ ಕೂತಳು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಮದುವೆಯಲ್ಲಿ ಒಡಪು ಹೇಳಿದಾಗ ಒಂದು ಸಲ, ಪಿಂಚಣಿ ಕಚೇರಿಯಲ್ಲಿ ಒಂದು ಸಲ. ಇದು ಮೂರನೆಯದು. ‘ದಾವಣಗೆರೆ ಪರಮೇಶ್ವರಪ್ಪ ಅಂತ. ಅವ್ರೂ ಲಾರೀನೇ. ನಲವತ್ನಾಲ್ಕನೇ ಇಸ್ವಿ ಅಕ್ಟೋಬರ್ ಹತ್ತೊಂಬತ್ತಕ್ಕೆ ಅಲ್ಲೇ ತೀರ್ಕೊಂಡ್ರು.’

ಅವನು ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲು ನೋಡಿದ. ಆಮೇಲೆ ತಲೆಯಾಡಿಸಿದ. ‘ಗೊತ್ತಿಲ್ಲ ತಾಯಿ. ಕಂಪನಿಗಳು ಎಷ್ಟೋ ಇದ್ದವು. ಗೊತ್ತು ಅಂದ್ರೆ ನಿಮಗೆ ಸಮಾಧಾನ ಆಗ್ತಿತ್ತು. ಆದ್ರೆ ಗೊತ್ತಿಲ್ಲ.’

‘ಬ್ಯಾಡ ಬಿಡ್ರಿ. ಒಂದು ಮಾತು ಹೇಳ್ರಿ. ಸತ್ತೋರ್ನ ಏನ್ ಮಾಡ್ತಿದ್ರು ಅಲ್ಲಿ?’

‘ನಮ್ಮೋರ್ನ ಮಣ್ಣು ಮಾಡ್ತಿದ್ರು. ಹಿಂದೂ ಅಂತ ಪಟ್ಟಿಯಾಗೆ ಇದ್ದೋರ್ನ ಸುಡ್ತಿದ್ರು.’

‘ನಾವು ಸುಡೋದಿಲ್ರಿ. ಲಿಂಗವಂತ್ರು.’

‘ಗೊತ್ತಮ್ಮ ನಂಗೆ. ನಮ್ಮ ಪಕ್ಕದ ಮನೇನೇ ನಿಮ್ಮೋರ್ದು. ಆದ್ರೆ ಅಲ್ಲಿ ಸಾಹೇಬ್ರಿಗೆ ಹೆಂಗೆ ಗೊತ್ತಾಗ್ಬೇಕು?’

ಒಳಗಿನಿಂದ ಅವನ ಹೆಂಡತಿ ಮಾಬೂಬೀ ಒಂದು ತಟ್ಟೆಯಲ್ಲಿ ಎರಡು ಬಾಳೆಹಣ್ಣು ತಂದಿಟ್ಟಳು. ನೀರು ತರಲಿಲ್ಲ, ತಮ್ಮ ಮನೆಯ ನೀರು ಇವಳು ಕುಡಿಯುವಳೋ ಇಲ್ಲವೋ ಎಂಬ ಮುಜುಗರ ಯಾರಿಗೂ ಬೇಡ ಎಂದು. ಕಸ್ತೂರಮ್ಮನೇ ಕೇಳಿ ನೀರು ತರಿಸಿಕೊಂಡು ಕುಡಿದಳು.

ಜಮಾಲ್ ಸಾಬ್ ಅಂಟಿನ ಪಾತ್ರೆ ಕೆಳಗಿಳಿಸಿದ. ‘ಆದ್ರೆ ಅಕ್ಟೋಬರ್ ಅಂದ್ರಲ್ಲ. ಆ ವರ್ಷ ಅಕ್ಟೋಬರಿನಾಗೆ ಮಳೆ ಅಂದ್ರೆ ಮಳೆ. ಸೌದೆ ತರೋ ಲಾರಿ ನಂದೇ. ಒಣ ಸೌದೆ ಒಂದು ತುಂಡು ಸಿಗ್ತಿರ್ಲಿಲ್ಲ. ಆಗ ಎಲ್ಲಾರ್ನೂ ಮಣ್ಣಿಗೇ ಇಟ್ಟಿದ್ದು ನಾನು ನೋಡೀನಿ. ಯಾವ ಜಾತಿ ಅಂತ ಕೇಳ್ಲಿಲ್ಲ ಯಾರೂ.’

ಅವನು ಮುಂದಿನ ಮಾತು ಹೇಳಲೋ ಬೇಡವೋ ಎಂದು ಹೊಳೆಯ ಕಡೆ ನೋಡಿದ.

‘ಪೆಟ್ರೋಲ್ ಸುರಿದು ಸುಟ್ಟಿದ್ದೂ ನೋಡೀನಿ ತಾಯಿ. ಅದೇ ಮಳೆಯಾಗೆ. ಪೆಟ್ರೋಲ್ ಇದ್ದ ದಿನ ಹಂಗೆ, ಇಲ್ಲದ ದಿನ ಹಿಂಗೆ. ಹತ್ತೊಂಬತ್ನೇ ತಾರೀಖು ಯಾವುದು ಅಂತ ಹೆಂಗೆ ಹೇಳ್ಲಿ?’

ಅಲ್ಲಿಗೆ ಮುಗಿಯಿತು. ಹದಿನಾಲ್ಕು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕಿತು, ಅದು ಅರ್ಧ ಉತ್ತರ. ಅವಳಿಗೆ ಆಗಲೂ ಅಳು ಬರಲಿಲ್ಲ. ಕೆಳಗೆ ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು.

‘ಇದನ್ನ ಪುಸ್ತಕದಾಗೆ ಬರ್ದು ಕೊಡ್ತೀರಾ?’ ಎಂದು ಕೊನೆಗೆ ಕೇಳಿದಳು. ‘ನಮ್ಮತ್ತೆಗೆ ಓದಿ ಹೇಳ್ಬೇಕು. ಬಾಯಿ ಮಾತು ನಂಬೋದಿಲ್ಲ ಅವ್ರು.’

‘ಎರಡೂ ಬರೀಲೇನಮ್ಮ?’

ಬೇಡ, ಮೊದಲನೆಯದು ಸಾಕು ಎಂಬ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂತು. ನಿಜ ಹೇಳಿದ ಮನುಷ್ಯನಿಗೆ ಸುಳ್ಳು ಬರೆದುಕೊಡು ಎನ್ನಲು ಮನಸ್ಸಾಗಲಿಲ್ಲ. ‘ನೀವು ಕಂಡಿದ್ದು ಬರೀರಿ,’ ಎಂದಳು. ಅವನು ಕೈ ಒರೆಸಿಕೊಂಡು ಕಿವಿಯ ಮೇಲಿನ ಪೆನ್ಸಿಲ್ ತೆಗೆದ. ಹಳೆಯ ಸಾಲುಗಳ ಕೆಳಗೆ ನಿಧಾನವಾಗಿ ಐದು ಸಾಲು ಬರೆದ. ಮಣ್ಣಿನದು ಮೂರು ಸಾಲು. ಪೆಟ್ರೋಲಿನದು ಎರಡು. ಈ ಸಲ ಕೆಳಗೆ ಸಹಿ ಹಾಕಿದ.

ವಾಪಸು ಬರುವಾಗ ಗಾಡಿಯಲ್ಲಿ ಅವಳು ಆ ಹಾಳೆ ತೆರೆದು ಮೂರು ಸಾಲು ಓದಿ ನಿಲ್ಲಿಸುವುದನ್ನು ಕಲಿತಳು. ಮೂರನೆಯ ಸಾಲಿನ ಕೊನೆಯಲ್ಲಿ ದನಿ ಇಳಿಸಿದರೆ ಮಾತು ಮುಗಿದಂತೆಯೇ ಕೇಳುತ್ತಿತ್ತು. ಎದುರು ಕೂತಿದ್ದ ಮುದುಕನೊಬ್ಬ ಈ ಹೆಂಗಸು ಏನೋ ಜಪ ಮಾಡುತ್ತಾಳೆ ಎಂದುಕೊಂಡ.

ದ್ರಾಕ್ಷಾಯಣಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅವಳಿಗೆ ಓದಿ ಹೇಳುವುದು ಸುಲಭದ ಕೆಲಸವಲ್ಲ. ಟೆಲಿಗ್ರಾಂ ಬಂದ ದಿನ ಓದಿದವರು ಸುತ್ತಿ ಬಳಸಿ, ಮಗನಿಗೆ ಹುಷಾರಿಲ್ಲವಂತೆ ಎಂದು ಮೊದಲು ಹೇಳಿದ್ದರು. ಅಂದಿನಿಂದ ಪುರಾಣವಾಗಲಿ ಕಾಗದವಾಗಲಿ, ಸಾಲಿನ ಕೆಳಗೆ ಬೆರಳು ಆಡಿಸುತ್ತಲೇ ಓದಬೇಕು. ಅವಳು ಪಕ್ಕದಲ್ಲಿ ಕೂತು ಸೊಸೆಯ ಬೆರಳನ್ನೇ ನೋಡುತ್ತಿದ್ದಳು.

ಆ ಮಧ್ಯಾಹ್ನವೂ ಹಾಗೇ ಕೂತಳು. ಕಸ್ತೂರಮ್ಮ ಜಮಾಲ್ ಸಾಬನ ವಿಚಾರ ಹೇಳಿ, ಪುಸ್ತಕ ತೆರೆದು, ಬೆರಳಿಟ್ಟು ಓದಿದಳು: ‘ಸಾವಿರದ ಒಂಬೈನೂರ ನಲವತ್ನಾಲ್ಕು ಅಕ್ಟೋಬರಿನಲ್ಲಿ ಮಳೆ ಹಿಡಿದು ಸೌದೆ ಸಿಗಲಿಲ್ಲ. ಸತ್ತವರನ್ನು ಜಾತಿ ನೋಡದೆ ಮಣ್ಣಿಗೆ ಇಟ್ಟರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.’ ದನಿ ಇಳಿಸಿದಳು. ಪುಸ್ತಕ ಮುಚ್ಚಿದಳು.

ದ್ರಾಕ್ಷಾಯಣಮ್ಮ ಮುಚ್ಚಿದ ಪುಸ್ತಕವನ್ನು ನೋಡಿದಳು, ಸೊಸೆಯ ಮುಖವನ್ನು ನೋಡಿದಳು. ‘ಕೂರ್ಸಿದ್ರಂತಾ, ಮಲಗ್ಸಿದ್ರಂತಾ?’ ಎಂದು ಕೇಳಿದಳು.

‘ಕೂರ್ಸಿದ್ರಂತೆ,’ ಎಂದಳು ಕಸ್ತೂರಮ್ಮ. ಅದನ್ನು ಯಾರೂ ಹೇಳಿರಲಿಲ್ಲ, ಬರೆದೂ ಇರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅವಳು ಅತ್ತೆಗೆ ಹೇಳಿದ ಮೊದಲ ಸುಳ್ಳು ಅದು. ಮುದುಕಿ ಎದ್ದು ಹಿತ್ತಲಿಗೆ ಹೋದಳು.

ಅಮಾವಾಸ್ಯೆ ಬಂತು. ಬೆಳಿಗ್ಗೆ ದ್ರಾಕ್ಷಾಯಣಮ್ಮ ನಾಗರಾಜಪ್ಪನನ್ನು ಕರೆದು, ‘ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಗಂಬಾ. ನಿಮ್ಮಣ್ಣ ಹೋಳಿಗೆ ತಿಂತಿರ್ಲಿಲ್ಲ,’ ಎಂದಳು. ನಾಗರಾಜಪ್ಪ ಚೀಲ ಹಿಡಿದು ಹೊರಟ. ಕಸ್ತೂರಮ್ಮ ಒಲೆಯ ಮುಂದೆ ಹೋಳಿಗೆ ತಟ್ಟುತ್ತಿದ್ದಳು, ತಟ್ಟುತ್ತಲೇ ಇದ್ದಳು.

ಹಿರಿಯರಿಗೆಲ್ಲ ಎಲೆ ಹಾಕಿದ್ದಾಯಿತು. ಕೊನೆಗೆ ಮಾವನ ಎಲೆಯ ಪಕ್ಕ ಅತ್ತೆಯೇ ತನ್ನ ಕೈಯಾರೆ ಇನ್ನೊಂದು ಎಲೆ ಹಾಕಿದಳು. ಕಸ್ತೂರಮ್ಮ ಬಡಿಸುತ್ತ ಬಂದಳು. ಆ ಎಲೆಯ ಮುಂದೆ ಅವಳ ಕೈ ಅಭ್ಯಾಸದಂತೆ ನಿಂತುಬಿಟ್ಟಿತು. ಅತ್ತೆ ಪಕ್ಕದಲ್ಲಿ ಕುಕ್ಕರಿಸಿದಳು.

‘ಆ ಹಾಳೆಯಾಗೆ ಇನ್ನೂ ಎರಡು ಸಾಲು ಇದ್ದವು,’ ಎಂದಳು ಮೆಲ್ಲಗೆ. ‘ನಿನ್ನ ಬೆರಳು ನಡುವೆನೇ ನಿಂತ್ಕಂತು.’

ಕಸ್ತೂರಮ್ಮ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ‘ಓದ್ಲೇನತ್ತೆ?’ ಎಂದಳು.

‘ಬ್ಯಾಡ.’ ದ್ರಾಕ್ಷಾಯಣಮ್ಮ ಬಾಗಿ ಎಲೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ‘ಏನಿರ್ತತಿ ಅಂತ ನಂಗೂ ಗೊತ್ತು. ಹದಿನಾಲ್ಕು ವರ್ಷ ನನ್ನ ಮಗನ್ನ ಹಸಿವಿನಾಗೆ ಇಟ್ಟೀನಿ ಕಸ್ತೂರಿ. ಮಣ್ಣೋ ಬೆಂಕಿಯೋ, ಹಸಿವಿನಾಗೆ ಇಟ್ಟಾಕಿ ನಾನೇ. ಬಡಿಸು.’

ಕಸ್ತೂರಮ್ಮ ಬಡಿಸಿದಳು. ಅನ್ನ, ಪಲ್ಯ, ಕೋಸಂಬರಿ, ತಿನ್ನುತ್ತಿರಲಿಲ್ಲ ಎಂದರೂ ಒಂದು ಹೋಳಿಗೆ, ಅದರ ಪಕ್ಕ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ. ಅತ್ತೆ ದೀಪ ಹಚ್ಚಿದಳು. ಎಲ್ಲರೂ ಕೈಮುಗಿದು ಹೊರಗೆ ಬಂದರು, ಹಿರಿಯರು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡರು.

ಬಾಗಿಲ ಹೊರಗೆ ಪಡಸಾಲೆಯಲ್ಲಿ ಕೂತಾಗ ಕಸ್ತೂರಮ್ಮನಿಗೆ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು. ಮೊದಲು ಅದೇನೆಂದು ಅವಳಿಗೆ ತಿಳಿಯಲಿಲ್ಲ. ಅಳು ಬರುತ್ತಿದೆಯೇನೋ ಎಂದು ಕಾದಳು. ಅಳುವಲ್ಲ. ಒಳಗಿನಿಂದ ಬಜ್ಜಿಯ ವಾಸನೆ ಬರುತ್ತಿತ್ತು, ಬಾಯಲ್ಲಿ ನೀರೂರಿತು.

‘ಅತ್ತೆ,’ ಎಂದಳು, ‘ನಂಗೆ ಹಸಿವಾಗೈತೆ.’

ದ್ರಾಕ್ಷಾಯಣಮ್ಮ ಸೊಸೆಯ ಮುಖ ನೋಡಿದಳು. ಹಿರಿಯರ ಊಟ ಇನ್ನೂ ಮುಗಿದಿರಲಿಲ್ಲ, ಮುಗಿಯುವ ಮೊದಲು ಮನೆಯವರು ಉಣ್ಣುವಂತಿಲ್ಲ. ಮುದುಕಿ ಎದ್ದು ಅಡುಗೆ ಮನೆಗೆ ಹೋಗಿ, ಒಂದು ಹೋಳಿಗೆಗೆ ತುಪ್ಪ ಸುರಿದು ತಂದು ಅವಳ ಕೈಗೆ ಕೊಟ್ಟಳು. ಕಸ್ತೂರಮ್ಮ ಅದನ್ನು ತಿಂದು ಮುಗಿಸಿ ಇನ್ನೊಂದು ಕೇಳಿದಳು.